ಆಟಿಕೆಯ ಆಯುಧ ಮತ್ತು ಸಂಕಲ್ಪಹಿಂಸೆ : ಒಂದು ವಿಮರ್ಶೆ

ಹಾಸನದಿಂದ ಹೊಳೆನರಸೀಪುರದ ದಿಕ್ಕಿಗೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಮೊಸಳೆ ಗ್ರಾಮದಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಎರಡು ಹೊಯ್ಸಳ ದೇವಾಲಯಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಸುಮಾರು 1200ರ ಕಾಲದ ಈ ಅವಳಿ ಗುಡಿಗಳು ರೂಪದಲ್ಲಿ ಒಂದನ್ನೊಂದು ಹೋಲುತ್ತವೆ. ಹೊಯ್ಸಳ ಗುಡಿಗಳ ಹೊರಗೋಡೆಯನ್ನು ಸಾವಧಾನವಾಗಿ ನೋಡಿದವರಿಗೆ ಅಲ್ಲಿ ಇನ್ನೊಂದು ಬಗೆಯ ಹೋಲಿಕೆಯೂ ಕಾಣುತ್ತದೆ. ಗೋಡೆಯ ಕಿರುಗಂಬಗಳ ತಲೆಯ ಮೇಲೆ ಪುಟ್ಟ ಪುಟ್ಟ ಶಿಖರಗಳಿರುತ್ತವೆ. ದೊಡ್ಡ ಗುಡಿಯ ಮೈಮೇಲೆ ಗೇಣುದ್ದದ ಗುಡಿಗಳನ್ನು ಶಿಲ್ಪಿ ಕಡೆದಿಟ್ಟಿರುತ್ತಾನೆ. ಹಿರಿದನ್ನು ಕಿರಿದಾಗಿ ಮಾಡಿ ಕಣ್ತುಂಬ ನೋಡಬೇಕೆಂಬ ಆಸೆ ಈ ಸೀಮೆಗೆ ಹೊಸದಲ್ಲವೆಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ. ಹಳೇಬೀಡಿನ ಅಧಿಷ್ಠಾನದಲ್ಲಿ ಸಾಲುಗಟ್ಟಿದ ಆನೆಗಳೂ ಕುದುರೆಯ ಸವಾರರೂ ಕಿರಿದಾದ ಸೈನ್ಯವೇ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಲ್ಲಿ ಕೂರಿಸುವ ಗೊಂಬೆಗಳ ಸಾಲಿನಲ್ಲಿ ಅರಮನೆಯ ಸಿಪಾಯಿಗಳಿಗೂ ಒಂದು ಮೆಟ್ಟಿಲು ಮೀಸಲಾಗಿರುತ್ತದೆ.

ಇದೇ ಆಸೆಯು ಇಂದಿನ ಕಾಲದಲ್ಲಿ ತಳೆದಿರುವ ಒಂದು ರೂಪವೆಂದರೆ ಪ್ಲಾಸ್ಟಿಕ್ಕಿನ ಯುದ್ಧಮಾದರಿಗಳು. ಟ್ಯಾಂಕು, ಬಾಂಬರ್ ವಿಮಾನ, ಯುದ್ಧನೌಕೆ, ಜಲಾಂತರ್ಗಾಮಿ ಇವುಗಳನ್ನು ನಿಶ್ಚಿತ ಅಳತೆಗೆ ಕಿರಿದುಗೊಳಿಸಿ, ಬಿಡಿಭಾಗಗಳಾಗಿ ಅಚ್ಚೊತ್ತಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡವನು ಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಪೂರ್ಣಗೊಳಿಸುತ್ತಾನೆ. ದೇಶವಿದೇಶಗಳಲ್ಲಿ ಇದಕ್ಕೆ ಅಸಂಖ್ಯ ಹವ್ಯಾಸಿಗಳಿದ್ದಾರೆ. ಬೆಂಗಳೂರಿನಂತಹ ನಗರಗಳಲ್ಲಿಯೂ, ವಿದೇಶದಲ್ಲಿ ನೆಲೆಸಿದ ಬಂಧುಗಳು ತರುವ ಉಡುಗೊರೆಗಳ ಮೂಲಕ ಸಣ್ಣ ಊರುಗಳ ಮನೆಗಳಲ್ಲಿಯೂ ಈ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತಿವೆ. ಶ್ರಾವಕ ಕುಟುಂಬವೊಂದರಲ್ಲಿ ಹತ್ತು ವರ್ಷದ ಹುಡುಗ ಇಂಥದೊಂದು ಪೆಟ್ಟಿಗೆಯನ್ನು ತೆರೆದು ಕುಳಿತಾಗ ಮನೆಯ ಹಿರಿಯರು ಹುಬ್ಬುಗಂಟಿಕ್ಕಿದರೆ, 'ಇದು ಬರೀ ಪ್ಲಾಸ್ಟಿಕ್ಕಲ್ಲವೇ, ತಾತ?' ಎಂದು ಅವನು ಕೇಳುವುದು ಸಹಜ. ಈ ಪ್ರಶ್ನೆಗೆ ಗದರಿಕೆಯಾಗಲಿ ನಗೆಯಾಗಲಿ ಉತ್ತರವಾಗಲಾರದು. ಆದುದರಿಂದ ಈ ಕಲೆಯ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ವಿಮರ್ಶಿಸಿ ನೋಡುವುದು ಯುಕ್ತ.

ಹುಟ್ಟು ಮತ್ತು ಬೆಳವಣಿಗೆ

1932ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಹೇ ಸ್ಟೀವನ್ಸ್ ಎಂಬವರು 'ಸ್ಕೈಬರ್ಡ್ಸ್' ಹೆಸರಿನ ಮರದ ವಿಮಾನಗಳನ್ನು 1/72 ಅಳತೆಯಲ್ಲಿ ರೂಪಿಸಿದರು. ಈ ಅಳತೆಯಲ್ಲಿ ಆರು ಅಡಿಯ ಮನುಷ್ಯ ಒಂದು ಅಂಗುಲವಾಗುತ್ತಾನೆ. 1936ರಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ಮಾದರಿಗಳು ಅದೇ ದೇಶದಲ್ಲಿ ಬಂದವು. ಎರಡನೆಯ ಮಹಾಯುದ್ಧ ಆರಂಭವಾದಾಗ ಆಟಿಕೆಯು ಸೈನ್ಯದ ಪಾಠದ ಸಾಮಗ್ರಿಯಾಯಿತು. ಆಕಾಶದಲ್ಲಿ ಹಾರುವುದು ತಮ್ಮ ವಿಮಾನವೋ ಶತ್ರುವಿನದೋ ಎಂಬುದನ್ನು ನೆರಳಿನಿಂದಲೇ ಗುರುತಿಸಲು ಸೈನಿಕರಿಗೆ ಕಲಿಸಬೇಕಾಗಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆಯು ಶಾಲಾವಿದ್ಯಾರ್ಥಿಗಳಿಂದ ಐದು ಲಕ್ಷ ಮಾದರಿ ವಿಮಾನಗಳನ್ನು ಮಾಡಿಸುವ ಯೋಜನೆ ಹೂಡಿತು. ಮಕ್ಕಳ ಕೈಯ ಆಟಕ್ಕೂ ತೋಪಿನ ಗುರಿಗೂ ಅಂದೇ ನಂಟು ಬೆಳೆಯಿತೆಂಬುದನ್ನು ಮರೆಯಬಾರದು.

ಯುದ್ಧಾನಂತರ ಇದು ದೊಡ್ಡ ಉದ್ಯಮವಾಯಿತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಮೊದಲ ಮಾದರಿ 1949ರ ಒಂದು ಟ್ರ್ಯಾಕ್ಟರ್. ನೇಗಿಲಿನ ಯಂತ್ರದಿಂದ ಹೊರಟ ಕಂಪನಿ 1953ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಬಂದಿತು. ಜಪಾನಿನ ಶಿಜುಓಕಾ ನಗರದ ತಮಿಯಾ ಕಂಪನಿ 1961ರಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಿತು. ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕೆಂಬ ಕಾರಣಕ್ಕೆ ಗಾತ್ರವನ್ನು ಗೊತ್ತುಮಾಡಿ, ಆಮೇಲೆ ಅಳೆದು ನೋಡಿದಾಗ ಅದು ಮೂವತ್ತೈದರಲ್ಲಿ ಒಂದು ಪಾಲಾಗಿತ್ತು. ಹೀಗೆ ಬ್ಯಾಟರಿಯ ಗಾತ್ರದಿಂದ ಹುಟ್ಟಿದ 1/35 ಅಳತೆಯೇ ಇಂದು ಲೋಕದಾದ್ಯಂತ ಟ್ಯಾಂಕಿನ ಮಾದರಿಗಳ ಪ್ರಮಾಣವಾಗಿದೆ. ಆ ಕಂಪನಿಯನ್ನು ಬೆಳೆಸಿದ ಶುನ್ಸಾಕು ತಮಿಯಾ ಅವರು 2025ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರತಿವರ್ಷ ಚಳಿಗಾಲದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿಯೂ ಮೇ ತಿಂಗಳಲ್ಲಿ ಶಿಜುಓಕಾದ ಮೇಳದಲ್ಲಿಯೂ ಹೊಸ ಮಾದರಿಗಳು ಪ್ರಕಟವಾಗುತ್ತವೆ. ಆಗ ಹವ್ಯಾಸಿಗಳ ನಡುವೆ ನಡೆಯುವ ಚರ್ಚೆ ಒಂದು ಬಗೆಯ ಶಾಸ್ತ್ರಾರ್ಥವೇ ಸರಿ. ಇದು ಹೊಸ ಅಚ್ಚೋ, ಹಳೆಯ ಅಚ್ಚಿಗೆ ಹೊಸ ಪೆಟ್ಟಿಗೆಯೋ? ರೆಕ್ಕೆಯ ಮೇಲಿನ ಗೀರು ಅಗತ್ಯಕ್ಕಿಂತ ಆಳವಾಯಿತೇ? ಗೋಪುರದ ಬೆಸುಗೆಯ ಗುರುತು ಯಾವ ಕಾರ್ಖಾನೆಯದು? ರಿವೆಟ್ಟುಗಳ ಸಾಲು ಏಳೋ ಎಂಟೋ? ಈ ಹಸಿರು ಆ ವರ್ಷದ ಹಸಿರೇ? ಯಾವ ತುಕಡಿಯ ಲಾಂಛನಗಳ ಅಂಟುಚಿತ್ರ ಕೊಟ್ಟಿದ್ದಾರೆ? ಇಂಥ ಪ್ರಶ್ನೆಗಳಿಗೆ ಹಳೆಯ ಛಾಯಾಚಿತ್ರ, ನಕಾಶೆ, ಸೈನ್ಯದ ಕೈಪಿಡಿಗಳನ್ನು ಸಾಕ್ಷಿಯಾಗಿ ಒಡ್ಡಿ ವಾದಿಸುತ್ತಾರೆ. ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದುತ್ತಾನೆ. ತಿದ್ದಿಸಿಕೊಂಡವನು ಹೆಚ್ಚಿನ ಸಲ ಒಪ್ಪಿಕೊಳ್ಳುತ್ತಾನೆ.

ಈ ಗುಣವನ್ನು ಮೊದಲು ಮೆಚ್ಚಬೇಕು. ಒಂದು ಅಂಗುಲದ ಮನುಷ್ಯನ ಕಣ್ಣಿಗೆ ಬಣ್ಣವಿಡುವ ಕೈಗೆ ನಡುಕವಿರಬಾರದು; ಮನಸ್ಸು ಬೇರೆಡೆಗೆ ಹರಿಯಬಾರದು. ಸಹನೆ, ಏಕಾಗ್ರತೆ, ಅಳತೆಯ ನಿಷ್ಠೆ, ತನ್ನ ತಪ್ಪನ್ನು ತಾನೇ ಕಿತ್ತು ಮರಳಿ ಮಾಡುವ ವಿನಯ ಇವೆಲ್ಲ ಈ ಹವ್ಯಾಸ ಕಲಿಸುವ ಗುಣಗಳು. ಗಂಟೆಗಟ್ಟಲೆ ಪರದೆಯ ಮುಂದೆ ಕೂರುವ ಹುಡುಗನಿಗಿಂತ ಚಿಮುಟ ಹಿಡಿದು ಕುಳಿತ ಹುಡುಗ ಹೆಚ್ಚು ಕಲಿಯುತ್ತಾನೆಂಬುದನ್ನು ಯಾವ ತಂದೆಯೂ ಅಲ್ಲಗಳೆಯಲಾರನು.

ಅಂಶದ ಸತ್ಯ, ಸಮಗ್ರದ ಮೌನ

ಆದರೆ ವಿಮರ್ಶೆಯ ಮೊದಲ ಆಕ್ಷೇಪವೂ ಈ ಸತ್ಯನಿಷ್ಠೆಯಿಂದಲೇ ಹುಟ್ಟುತ್ತದೆ. ರಿವೆಟ್ಟಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಕಲೆಯು ಆ ಯಂತ್ರ ಏಕೆ ಹುಟ್ಟಿತೋ ಆ ಕಾರ್ಯದ ವಿಷಯದಲ್ಲಿ ಏನನ್ನು ಹೇಳುತ್ತದೆ? ಪೆಟ್ಟಿಗೆಯ ಮುಖಚಿತ್ರದಲ್ಲಿ ತೋಪು ಬೆಂಕಿ ಕಾರುತ್ತಿರುತ್ತದೆ. ಗುಂಡು ಎಲ್ಲಿ ಹೋಗಿ ಬಿದ್ದಿತೆಂಬುದು ಚಿತ್ರದ ಚೌಕಟ್ಟಿನ ಹೊರಗಿರುತ್ತದೆ. ಹವ್ಯಾಸಿಗಳು ಟ್ಯಾಂಕಿನ ಮೈಗೆ ಕೆಸರು, ತುಕ್ಕು, ಮಸಿ ಬಳಿಯುವ ಕೌಶಲವನ್ನು ಬಹಳ ಮುಂದಕ್ಕೆ ಒಯ್ದಿದ್ದಾರೆ. ರಷ್ಯದ ಕೆಸರಿಗೂ ಆಫ್ರಿಕದ ಧೂಳಿಗೂ ಬೇರೆ ಬೇರೆ ಬಣ್ಣಗಳು ಅಂಗಡಿಯಲ್ಲಿ ದೊರೆಯುತ್ತವೆ. ಯುದ್ಧದ ಕೊಳೆ ಹೀಗೆ ಲೋಹಕ್ಕೆ ತಾಗುತ್ತದೆ, ಮನುಷ್ಯನಿಗೆ ತಾಗುವುದು ಅಪರೂಪ. ಯುದ್ಧವಿಮಾನಗಳ ಅಂಟುಚಿತ್ರದ ಹಾಳೆಯಲ್ಲಿ ಪೈಲಟ್ಟಿನ ಆಸನದ ಕೆಳಗೆ ಅಂಟಿಸಲು ಸಣ್ಣ ಗುರುತುಗಳ ಸಾಲೊಂದಿರುತ್ತದೆ. ಒಂದೊಂದು ಗುರುತೂ ಹೊಡೆದುರುಳಿಸಿದ ಒಂದೊಂದು ವಿಮಾನ. ಗುರುತುಗಳ ಸಂಖ್ಯೆ ಸರಿಯೇ ಎಂಬ ಬಗ್ಗೆ ಪುಟಗಟ್ಟಲೆ ಚರ್ಚೆಯಾಗುತ್ತದೆ. ಆ ಗುರುತಿನ ಹಿಂದೆ ಯಾರಿದ್ದರೆಂಬ ಚರ್ಚೆ ವಿರಳ.

ಜರ್ಮನಿಯ ಕಾನೂನು ನಾತ್ಸಿ ಲಾಂಛನಗಳ ಸಾರ್ವಜನಿಕ ಬಳಕೆಯನ್ನು ನಿಷೇಧಿಸಿದೆ. ಆದುದರಿಂದ ಆ ದೇಶದಲ್ಲಿ ಮಾರುವ ಮಾದರಿಗಳ ಪೆಟ್ಟಿಗೆಯ ಚಿತ್ರದಲ್ಲಿ ವಿಮಾನದ ಬಾಲ ಖಾಲಿಯಾಗಿರುತ್ತದೆ. ಕೆಲವು ತಯಾರಕರು ಆ ಗುರುತನ್ನು ತುಂಡುತುಂಡಾಗಿ ಮುದ್ರಿಸಿ, ಕೊಂಡವನೇ ಜೋಡಿಸಿಕೊಳ್ಳಲು ಬಿಡುತ್ತಾರೆ. ಕಿರಿದಾದ ಗುರುತಿಗೆ ಯಾವ ಶಕ್ತಿಯೂ ಇಲ್ಲವೆಂದಾಗಿದ್ದರೆ ಒಂದು ದೇಶದ ದಂಡಸಂಹಿತೆ ಅದಕ್ಕೆ ಅಂಜಬೇಕಾಗಿರಲಿಲ್ಲ.

1986ರಲ್ಲಿ ಅಮೆರಿಕದ ಟೆಸ್ಟರ್ಸ್ ಕಂಪನಿ 'ಎಫ್-19' ಎಂಬ ಅದೃಶ್ಯ ಯುದ್ಧವಿಮಾನದ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನ ವಿಮಾನ ಇರಲೇ ಇಲ್ಲ. ರಹಸ್ಯವಾಗಿ ಇದ್ದ ವಿಮಾನ ಎಫ್-117, ಅದರ ರೂಪವೂ ಬೇರೆ. 1988ರಲ್ಲಿ ಸರ್ಕಾರ ಅದನ್ನು ಪ್ರಕಟಿಸಿದಾಗ ಮಾದರಿ ಬರಿಯ ಊಹೆಯೆಂದು ತಿಳಿಯಿತು. ಆದರೂ ಆ ಪೆಟ್ಟಿಗೆಗಳು ಭರದಿಂದ ಮಾರಾಟವಾದವು. ಅಲ್ಲಿಯ ಸಂಸತ್ತಿನಲ್ಲಿಯೂ ಅದರ ಪ್ರಸ್ತಾಪ ಬಂದಿತು. ಜನರ ಹಂಬಲ ಇದ್ದ ಆಯುಧವನ್ನು ಅರಿಯುವುದಕ್ಕಷ್ಟೇ ಸೀಮಿತವಲ್ಲ, ಇಲ್ಲದ ಆಯುಧವನ್ನೂ ಕೈಯಲ್ಲಿ ಹಿಡಿಯುವ ತನಕ ಹೋಗುತ್ತದೆಂಬುದಕ್ಕೆ ಇದು ನಿದರ್ಶನ.

ಮಾದರಿಯ ಮಾತು ಹಾಗಿರಲಿ, ನಿಜವಾದ ಯಂತ್ರವನ್ನೇ ಪ್ರದರ್ಶಿಸುವಾಗಲೂ ಇದೇ ಸಮಸ್ಯೆ ಎದುರಾಗುತ್ತದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ 'ಎನೊಲಾ ಗೇ' ವಿಮಾನವನ್ನು 1995ರಲ್ಲಿ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯ ಪ್ರದರ್ಶಿಸಲು ಹೊರಟಾಗ, ಬಾಂಬಿಗೆ ತುತ್ತಾದವರ ಕುರುಹುಗಳನ್ನೂ ಜೊತೆಗಿಡಬೇಕೆಂಬ ಯೋಜನೆಯಿತ್ತು. ಪ್ರಬಲ ವಿರೋಧ ಬಂದು ಆ ಯೋಜನೆಯನ್ನು ಕೈಬಿಟ್ಟರು. ವಿಮಾನದ ಮೈಯ ಭಾಗವನ್ನು ಮಾತ್ರ ಇಟ್ಟರು. 2003ರಿಂದ ಅದೇ ವಿಮಾನ ಪೂರ್ಣರೂಪದಲ್ಲಿ ಥಳಥಳಿಸುತ್ತ ಇನ್ನೊಂದು ಸಭಾಂಗಣದಲ್ಲಿ ನಿಂತಿದೆ. ಲೋಹದ ಪ್ರತಿಯೊಂದು ಹಾಳೆಯನ್ನೂ ಅಕ್ಕರೆಯಿಂದ ಜೀರ್ಣೋದ್ಧಾರ ಮಾಡಿದ್ದಾರೆ. ಅಂಶವೆಲ್ಲ ಸತ್ಯವಾಗಿದ್ದೂ ಸಮಗ್ರವು ಮೌನವಾಗಿರಬಹುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಉದಾಹರಣೆ ವಿರಳ.

ವೀರಗಲ್ಲಿನ ಪಾಠ

ಈ ಮೌನವು ಕಿರಿದಾದ ಯುದ್ಧಚಿತ್ರಕ್ಕೆ ಅನಿವಾರ್ಯವೇ? ಕನ್ನಡನಾಡಿನ ಕಲ್ಲುಗಳು ಅಲ್ಲವೆಂದು ಹೇಳುತ್ತವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಸುಮಾರು 900ರ ಕಾಲದ್ದು. ಗಂಗರ ಕಡೆಯ ನಾಗತ್ತರನು ವೀರಮಹೇಂದ್ರನೊಡನೆ ಹೋರಾಡಿ ಮಡಿದ ಸಂಗತಿಯನ್ನು ಅದು ಸಾರುತ್ತದೆ. ಅಲ್ಲಿ ಆನೆಯಿದೆ, ಕುದುರೆಯಿದೆ, ಬಿಲ್ಲು ಕತ್ತಿಗಳಿವೆ. ಕೆಳಗೆ ಬಿದ್ದವರೂ ಇದ್ದಾರೆ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗಿನ ಅಂಕಣ ಕಾಳಗದ್ದು, ನಡುವಿನದು ಮಡಿದವನನ್ನು ಅಪ್ಸರೆಯರು ಒಯ್ಯುವುದರದ್ದು, ಮೇಲಿನದು ಅವನು ತನ್ನ ಆರಾಧ್ಯದ ಸನ್ನಿಧಿಯನ್ನು ಸೇರಿದ್ದರದ್ದು. ಕಲ್ಲನ್ನು ನಿಲ್ಲಿಸಲು ಕಾರಣ ಆಯುಧವಲ್ಲ, ಒಬ್ಬ ಮನುಷ್ಯನ ಸಾವು. ಸಾವನ್ನು ತೆಗೆದರೆ ಕಲ್ಲಿಗೆ ಅರ್ಥವೇ ಇಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ವಿಶಿಷ್ಟವಾದುದು. 949ರ ತಕ್ಕೋಲದ ಕಾಳಗವನ್ನು ಹೇಳುವ ಆ ಶಾಸನವು ಮಣಲೆರನ 'ಕಾಳಿ' ಎಂಬ ಬೇಟೆನಾಯಿಯ ನೆನಪನ್ನೂ ಉಳಿಸಿದೆ. ನಾಯಿಯೂ ಕಾಡುಹಂದಿಯೂ ಹೋರಾಡಿ ಎರಡೂ ಸತ್ತವು. ಕಲ್ಲಿನ ಮೇಲೆ ಎರಡರ ಚಿತ್ರವೂ ಇದೆ. ಬೇಟೆಯನ್ನು ಜೈನಧರ್ಮ ಒಪ್ಪದು, ದಿಟ. ಆದರೆ ಗೆದ್ದವರ ದೊಡ್ಡ ಕಾಳಗದ ಪಕ್ಕದಲ್ಲಿ ಒಂದು ನಾಯಿಯ ಸಾವಿಗೂ ಸ್ಥಳ ಕೊಟ್ಟ ಆ ಕಲ್ಲುಕುಟಿಗನ ದೃಷ್ಟಿ ಇಂದಿನ ಪೆಟ್ಟಿಗೆಯ ಚಿತ್ರಕಾರನಿಗೆ ಇಲ್ಲವೆಂಬುದು ವಿಷಾದದ ಸಂಗತಿ.

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಕೂಗೆ ಬ್ರಹ್ಮದೇವರ ಕಂಬವು ಈ ಮಾತನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತದೆ. ಗಂಗದೊರೆ ಮಾರಸಿಂಹನ ದಂಡಯಾತ್ರೆಗಳನ್ನೂ ಗೆಲುವುಗಳನ್ನೂ ಅದರ ಶಾಸನ ಸಾಲುಸಾಲಾಗಿ ಹೇಳುತ್ತದೆ. ಕೊನೆಗೆ ಅದೇ ಶಾಸನ ಅವನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತವನ್ನು ಕೈಗೊಂಡು ಸಮಾಧಿಮರಣವನ್ನು ಹೊಂದಿದುದನ್ನು ತಿಳಿಸುತ್ತದೆ. ಕಾಲ 974. ಕತ್ತಿಯ ಪಟ್ಟಿ ಉದ್ದವಾಗಿದ್ದರೂ ಕಂಬದ ಕೊನೆಯ ಮಾತು ಕತ್ತಿಯದಲ್ಲ.

ಪ್ರತಿಮೆಗೆ ಶಕ್ತಿಯುಂಟೇ?

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಇದು ಬರಿಯ ಪ್ಲಾಸ್ಟಿಕ್ಕಲ್ಲವೇ?

ಜೈನಶಾಸ್ತ್ರಕಾರರು ಒಂದು ವಸ್ತುವನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ಗ್ರಹಿಸುತ್ತಾರೆ. ಒಂದು ವಸ್ತುವಿನಲ್ಲಿ ಮತ್ತೊಂದನ್ನು ಆರೋಪಿಸಿ 'ಇದು ಅದೇ' ಎಂದು ನಿಲ್ಲಿಸುವುದು ಸ್ಥಾಪನಾ. ಅದರಲ್ಲಿಯೂ ಎರಡು ಬಗೆ. ಚದುರಂಗದ ಕಾಯನ್ನು ಆನೆಯೆಂದೂ ಮಂತ್ರಿಯೆಂದೂ ಕರೆಯುವುದು ಆಕಾರದ ಹೋಲಿಕೆಯಿಲ್ಲದ ಸ್ಥಾಪನೆ, ಅತದಾಕಾರ. ಜಿನಬಿಂಬದಲ್ಲಿ ಜಿನರನ್ನು ಕಾಣುವುದು ಆಕಾರದ ಹೋಲಿಕೆಯುಳ್ಳ ಸ್ಥಾಪನೆ, ತದಾಕಾರ. ಈ ವರ್ಗೀಕರಣದಲ್ಲಿ ಯುದ್ಧಮಾದರಿಯ ಸ್ಥಾನ ಸ್ಪಷ್ಟ. ರಿವೆಟ್ಟಿನ ತನಕ ಹೋಲಿಕೆಯನ್ನು ಸಾಧಿಸುವ ಆ ವಸ್ತು ತದಾಕಾರ ಸ್ಥಾಪನೆಯೇ ಆಗಿದೆ.

ಇದರಿಂದ ಒಂದು ತೀರ್ಮಾನ ತಪ್ಪದೆ ಹೊರಡುತ್ತದೆ. ವಿಂಧ್ಯಗಿರಿಯ ಗೊಮ್ಮಟನ ಎದುರು ನಿಂತವನ ಮನಸ್ಸು ಶಾಂತವಾಗುವುದಾದರೆ ಅದು ಕಲ್ಲಿನ ಗುಣದಿಂದಲ್ಲ, ಆ ರೂಪವು ನೋಡುವವನಲ್ಲಿ ಭಾವವನ್ನು ಎಬ್ಬಿಸುವುದರಿಂದ. ಶಾಂತರೂಪದ ಪ್ರತಿಮೆಯಲ್ಲಿ ಈ ಶಕ್ತಿಯನ್ನು ಒಪ್ಪಿದವನು ರೌದ್ರರೂಪದ ಪ್ರತಿಮೆಯಲ್ಲಿ ಅದನ್ನು ನಿರಾಕರಿಸುವಂತಿಲ್ಲ. ಮಾದರಿ ಬರಿಯ ಪ್ಲಾಸ್ಟಿಕ್ಕಾದರೆ ಬಿಂಬವೂ ಬರಿಯ ಕಲ್ಲು. ಬಸದಿಯಲ್ಲಿ ಒಂದು ನ್ಯಾಯ, ಮನೆಯ ಮೇಜಿನ ಮೇಲೆ ಇನ್ನೊಂದು ನ್ಯಾಯ ಎನ್ನುವುದು ಸಲ್ಲದು.

ಆದರೆ ಭಾವವನ್ನು ಎಬ್ಬಿಸುವುದೆಂದರೆ ಯಾವಾಗಲೂ ಹಿಂಸೆಯ ಭಾವವನ್ನೇ ಎಬ್ಬಿಸುವುದೆಂದು ಹೇಳಬರುವುದಿಲ್ಲ. ಇಲ್ಲಿ ಯಶೋಧರನ ಕಥೆ ನೆರವಿಗೆ ಬರುತ್ತದೆ. ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿಯೂ, ಮೊಸಳೆಯ ಗುಡಿಗಳ ಕಾಲಕ್ಕೇ ಸೇರಿದ ಜನ್ನನು 1209ರಲ್ಲಿ ಕನ್ನಡದಲ್ಲಿಯೂ ಹೇಳಿದ ಈ ಕಥೆ ಜೈನಮನೆಗಳಿಗೆ ಚಿರಪರಿಚಿತ. ದುಃಸ್ವಪ್ನದ ಶಾಂತಿಗೆ ಜೀವಬಲಿ ಕೊಡಲು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ; ಯಶೋಧರ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಪೆಟ್ಟಿನ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಗಿರೀಶ ಕಾರ್ನಾಡರು ಈ ವಸ್ತುವನ್ನೇ 'ಹಿಟ್ಟಿನ ಹುಂಜ' ನಾಟಕದಲ್ಲಿ ಎತ್ತಿಕೊಂಡರು.

ಕಥೆಯ ನೀತಿಯನ್ನು ಅವಸರದಲ್ಲಿ ಗ್ರಹಿಸಿದರೆ, ಹಿಟ್ಟಿನ ಕೋಳಿಯೂ ಪಾಪ, ಪ್ಲಾಸ್ಟಿಕ್ಕಿನ ಟ್ಯಾಂಕೂ ಪಾಪ ಎಂದುಬಿಡಬಹುದು. ಅದು ಸರಿಯಾದ ಅರ್ಥವಲ್ಲ. ಕೋಳಿಯನ್ನು ಹಿಟ್ಟಿನಲ್ಲಿ ಮಾಡಿದವನಿಗೆ ಕಥೆ ಶಿಕ್ಷೆ ವಿಧಿಸುವುದಿಲ್ಲ. 'ಕೊಲ್ಲುತ್ತೇನೆ' ಎಂದು ಕತ್ತಿಯೆತ್ತಿದವನಿಗೆ, ಎತ್ತಿಸಿದವಳಿಗೆ ವಿಧಿಸುತ್ತದೆ. ಪ್ರಮತ್ತಯೋಗದಿಂದ ಪ್ರಾಣಹಾನಿ ಮಾಡುವುದು ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ಹಿಂಸೆಯನ್ನು ವಿಂಗಡಿಸಿದವರು ಸಂಕಲ್ಪೀ ಹಿಂಸೆಯನ್ನು ಮಾತ್ರ ಸಂಪೂರ್ಣವಾಗಿ ವರ್ಜಿಸಬೇಕೆಂದರು. ಈ ವಿವೇಕವಿದ್ದುದರಿಂದಲೇ ಚಾವುಂಡರಾಯನೂ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ರಣರಂಗದಲ್ಲಿದ್ದೂ ಶ್ರಾವಕರಾಗಿ ಉಳಿದರು. ನಾಡಿನ ರಕ್ಷಣೆಗೆ ನಿಂತ ಸೈನಿಕನನ್ನು ಹೀನಾಯವಾಗಿ ಕಾಣುವುದು ಈ ಪರಂಪರೆಯ ಮಾರ್ಗವಲ್ಲ. ಅವನ ಯಂತ್ರವನ್ನು ಅರಿಯಬಯಸುವ ಹುಡುಗನನ್ನು ಹೀಗಳೆಯುವುದೂ ಅಲ್ಲ.

ಹಾಗಾದರೆ ದೋಷ ಎಲ್ಲಿ ಹೊಗುತ್ತದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಅನರ್ಥದಂಡಗಳಲ್ಲಿ ಇದಕ್ಕೆ ಉತ್ತರವಿದೆ. ಪ್ರಯೋಜನವಿಲ್ಲದೆ ಅಂಟಿಕೊಳ್ಳುವ ಪಾಪ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದು ಐದು ಬಗೆ. ಅನ್ಯರ ಜಯ, ಪರಾಜಯ, ವಧೆ, ಬಂಧನಗಳನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು ಅಪಧ್ಯಾನ. ಹಿಂಸೆಯ ಉಪಕರಣಗಳನ್ನು ಪರರ ಕೈಗೆ ಕೊಡುವುದು ಹಿಂಸಾದಾನ. ಬಾಂಬು ಬಿದ್ದ ಊರನ್ನು ಬಣ್ಣಿಸಿ ನಗುವ, ಹೊಡೆದುರುಳಿಸಿದ ಗುರುತುಗಳನ್ನು ಎಣಿಸಿ ಹಿಗ್ಗುವ, ಇಂದು ನಡೆಯುತ್ತಿರುವ ಯುದ್ಧದ ಆಯುಧ ಪೆಟ್ಟಿಗೆಯಲ್ಲಿ ಯಾವಾಗ ಬಂದೀತೆಂದು ಕಾತರಿಸುವ ಮಾತುಗಳು ಅಪಧ್ಯಾನವಲ್ಲದೆ ಮತ್ತೇನು? ಇದಕ್ಕೆ ಪ್ರತಿಯಾಗಿ, ಒಂದು ವಿಮಾನದ ರೆಕ್ಕೆ ಹೇಗೆ ಗಾಳಿಯಲ್ಲಿ ನಿಲ್ಲುತ್ತದೆಂದು ತಿಳಿಯಲು, ಅದರಲ್ಲಿ ಕುಳಿತವನು ಯಾರೆಂದು ಅರಿಯಲು ಮಾದರಿ ಮಾಡುವವನಿಗೆ ಆ ಹೆಸರು ಅನ್ವಯಿಸದು. ಪ್ಲಾಸ್ಟಿಕ್ಕು ಇಬ್ಬರ ಕೈಯಲ್ಲಿಯೂ ಒಂದೇ, ಧ್ಯಾನ ಬೇರೆ.

ಒಂದು ಕನ್ನಡದ ನಿದರ್ಶನ

ಈ ಭೇದವನ್ನು ಕರ್ನಾಟಕದ ಒಂದು ಸಂಗತಿಯಿಂದ ಸ್ಪಷ್ಟಪಡಿಸಬಹುದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಭಾರತೀಯ ವಾಯುಪಡೆ ದಾಳಿ ಮಾಡಿತು. ಆ ದಾಳಿಯಲ್ಲಿ ಹೊರಟ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಮಿಸ್ಟೇರ್ ವಿಮಾನ ಹಿಂದಿರುಗಲಿಲ್ಲ. ಅವರಿಗೆ ಏನಾಯಿತೆಂಬುದು ಬಹುಕಾಲ ಭಾರತದಲ್ಲಿ ತಿಳಿಯಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರ ಪುಸ್ತಕ ಪ್ರಕಟವಾಯಿತು. ನಿಧಾನಗತಿಯ ಮಿಸ್ಟೇರ್ ವಿಮಾನವೊಂದು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದುದು ಪಾಕಿಸ್ತಾನದ ಕಡೆಯ ವಿವರಗಳಿಂದ ಅದರಲ್ಲಿ ಬೆಳಕಿಗೆ ಬಂದಿತು. ಆ ಸ್ಟಾರ್‌ಫೈಟರಿನ ಪೈಲಟ್ ಅಮ್ಜದ್ ಹುಸೇನ್ ಧುಮುಕಿ ಬದುಕಿಕೊಂಡರು; ದೇವಯ್ಯನವರು ಬದುಕಲಿಲ್ಲ. ಇಪ್ಪತ್ಮೂರು ವರ್ಷಗಳ ಬಳಿಕ, 1988ರಲ್ಲಿ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಮಿಸ್ಟೇರ್ ವಿಮಾನದ ಉದ್ದ, ಅಗಲ, ಬಣ್ಣಗಳೆಲ್ಲ ಮೊದಲ ದಿನದಿಂದಲೇ ಲೋಕಕ್ಕೆ ತಿಳಿದಿದ್ದವು. ಅದರಲ್ಲಿ ಕುಳಿತ ಮನುಷ್ಯನ ಸತ್ಯ ತಿಳಿಯಲು ಹದಿನಾಲ್ಕು ವರ್ಷ ಬೇಕಾಯಿತು. ಅದೂ ಎದುರಾಳಿಯ ಕಡೆಯಿಂದ ಬರಬೇಕಾಯಿತು. ಮಿಸ್ಟೇರ್ ಮಾದರಿಯನ್ನು ಕಟ್ಟುವ ಹುಡುಗ ಬೂದುಬಣ್ಣದ ಛಾಯೆಯನ್ನು ಮಾತ್ರ ಹುಡುಕಿದರೆ ಅವನ ಮೇಜಿನ ಮೇಲೆ ಒಂದು ಆಯುಧವಿರುತ್ತದೆ. ಆ ಇಬ್ಬರು ಮನುಷ್ಯರ ಕಥೆಯನ್ನು ಓದಿ, ಒಂದು ಚೀಟಿಯಲ್ಲಿ ಬರೆದು ಮಾದರಿಯ ಕೆಳಗಿಟ್ಟರೆ ಅವನ ಮೇಜಿನ ಮೇಲೆ ಒಂದು ವೀರಗಲ್ಲಿರುತ್ತದೆ. ಖರ್ಚು ಅಷ್ಟೇ, ಶ್ರಮ ಸ್ವಲ್ಪ ಹೆಚ್ಚು.

ಯಾವ ಯಂತ್ರ ಮಾದರಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದೂ ವಿಚಾರಣೀಯ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತ್ ವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಒಟ್ಟು 147 ಮಾರುತ್‌ಗಳು ತಯಾರಾದವು. ಅದೇ ಕುರ್ಟ್ ಟ್ಯಾಂಕ್ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ರೂಪಿಸಿಕೊಟ್ಟ ಎಫ್.ಡಬ್ಲ್ಯು.-190 ವಿಮಾನದ ಮಾದರಿಗಳು ಲೆಕ್ಕವಿಲ್ಲದಷ್ಟು; ಮಾರುತ್ ಮಾದರಿಗಳು ಅತಿ ವಿರಳ. ಹೆಚ್ಚು ಕೊಂದ ಯಂತ್ರಕ್ಕೆ ಹೆಚ್ಚು ಬೇಡಿಕೆಯೆಂಬುದು ಈ ಪೇಟೆಯ ಧಾರಣೆ. ಸಾವಿನ ಚಿತ್ರವನ್ನು ಹೊರಗಿಟ್ಟು ಸಾವಿನ ಖ್ಯಾತಿಯನ್ನು ಮಾತ್ರ ಮಾರುವ ಈ ನಡೆಯೇ ಹವ್ಯಾಸದ ಅತಿದೊಡ್ಡ ದೋಷವೆನ್ನಬೇಕು.

ಕುಟುಂಬ ಮತ್ತು ಸಂಸ್ಥೆಗಳ ಹೊಣೆ

ಮಾಡುವವನ ಹೊಣೆಗಿಂತ ಕೊಡುವವನ ಹೊಣೆ ದೊಡ್ಡದು. ಹಿಂಸಾದಾನವೆಂಬ ಮಾತಿನಲ್ಲಿಯೇ ದಾನಿಯ ಹೊಣೆ ಅಡಗಿದೆ. ಜಾತ್ರೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಪಿಸ್ತೂಲು ಕೊಡಿಸಿ, 'ಹೊಡಿ ನೋಡೋಣ' ಎಂದು ಮಗುವಿನ ಎದುರು ನಿಲ್ಲುವ ಹಿರಿಯರು, ಮಾದರಿಯ ಪೆಟ್ಟಿಗೆಯ ಬಗ್ಗೆ ಆಕ್ಷೇಪಿಸುವ ಮೊದಲು ತಮ್ಮ ಕೈಯನ್ನು ನೋಡಿಕೊಳ್ಳಬೇಕು. ಗುರಿಯಿಟ್ಟು 'ಸತ್ತೆ' ಎನ್ನಿಸುವ ಆ ಆಟದಲ್ಲಿ ಹಿಟ್ಟಿನ ಕೋಳಿಯ ಸಂಕಲ್ಪ ಮಾದರಿಗಿಂತ ಹೆಚ್ಚು ನೇರವಾಗಿದೆ.

ಮನೆಗೆ ಬಂದ ಪೆಟ್ಟಿಗೆಯನ್ನು ಕಿತ್ತು ಎಸೆಯುವುದರಿಂದ ಹುಡುಗನಲ್ಲಿ ಉಳಿಯುವುದು ಕೋಪವೇ ಹೊರತು ವಿವೇಕವಲ್ಲ. ಜೊತೆಗೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳಬಹುದು. ಇದರೊಳಗೆ ಎಷ್ಟು ಜನ ಕೂರುತ್ತಿದ್ದರು? ಇದರ ಎದುರಿಗೆ ಯಾರು ನಿಂತಿದ್ದರು? ಯುದ್ಧ ಮುಗಿದ ಮೇಲೆ ಇಬ್ಬರ ಮನೆಯಲ್ಲಿಯೂ ಏನಾಯಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಯೂ ಅವನು ಮಾದರಿಯನ್ನು ಪೂರ್ಣಗೊಳಿಸಿದರೆ ಆತಂಕಕ್ಕೆ ಕಾರಣವಿಲ್ಲ. ನಡುವೆಯೇ ಬದಿಗಿಟ್ಟರೆ ಅದೂ ಅವನ ಸ್ವಂತ ತೀರ್ಮಾನವಾಗಿರುತ್ತದೆ.

ದೇವಾಲಯ ಟ್ರಸ್ಟುಗಳಿಗೂ ಪಾಠಶಾಲೆಗಳಿಗೂ ಇಲ್ಲಿ ಕೆಲಸವಿದೆ. ಮಕ್ಕಳ ಕೈಗೆ ಅಳತೆಯ ಕಲೆ ಬೇಕೆಂದಾದರೆ ಅದಕ್ಕೆ ವಸ್ತುವಿನ ಬರವಿಲ್ಲ. ಚಂದ್ರಗಿರಿಯ ಚಾವುಂಡರಾಯ ಬಸದಿಯನ್ನು 1/72 ಅಳತೆಯಲ್ಲಿ ರಟ್ಟಿನಿಂದ ಕಟ್ಟಿಸಬಹುದು. ಮೊಸಳೆಯ ಅವಳಿ ಗುಡಿಗಳನ್ನು ಅಳೆದು, ಎರಡರ ನಡುವಿನ ಸಣ್ಣ ವ್ಯತ್ಯಾಸಗಳನ್ನು ಹುಡುಕಿಸಬಹುದು. ಅದರಲ್ಲಿ ರಿವೆಟ್ಟು ಎಣಿಸುವಷ್ಟೇ ಸೊಗಸಿದೆ. ಮಹಾಮಸ್ತಕಾಭಿಷೇಕಕ್ಕೆ ಗೊಮ್ಮಟನ ಹಿಂದೆ ಏಳುವ ಅಟ್ಟಣಿಗೆಯ ಮಾದರಿಯನ್ನು ಮಾಡುವುದು ಎಂಜಿನಿಯರಿಂಗ್ ಕಲಿಯುವವನಿಗೂ ಸವಾಲೇ. ಯಂತ್ರವೇ ಬೇಕೆನ್ನುವ ಹುಡುಗನಿಗೆ 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೂಮಳೆಗರೆದ ಹೆಲಿಕಾಪ್ಟರಿನ ಕಥೆ ಹೇಳಬಹುದು. ಅದೇ ರೆಕ್ಕೆ ಬಾಂಬನ್ನೂ ಹೊರಬಲ್ಲದು, ಹೂವನ್ನೂ ಹೊರಬಲ್ಲದು ಎಂಬುದನ್ನು ಅವನೇ ಗ್ರಹಿಸಿಯಾನು.

ಕೊನೆಗೆ ಶ್ರವಣಬೆಳಗೊಳವೇ ಈ ವಿಷಯದಲ್ಲಿ ದಾರಿ ತೋರುತ್ತದೆ. ಭರತ ಮತ್ತು ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ತಡೆದು, ಸೈನಿಕರು ವೃಥಾ ಸಾಯುವುದು ಬೇಡವೆಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳು ಗೊತ್ತಾದವು. 941ರಲ್ಲಿ ಪಂಪನು ಆದಿಪುರಾಣದಲ್ಲಿ ಕನ್ನಡಿಗರಿಗೆ ಹೇಳಿದ ಈ ಪ್ರಸಂಗ ಯುದ್ಧವನ್ನು ಕಿರಿದುಗೊಳಿಸಿದ ಅಪೂರ್ವ ಪ್ರಯತ್ನ. ಎರಡು ಸೇನೆಗಳ ಕಾಳಗ ಎರಡು ದೇಹಗಳ ಅಳತೆಗೆ ಇಳಿಯಿತು. ಅಲ್ಲಿ ಗೆದ್ದವನಿಗೆ ಆ ಅಳತೆಯೂ ಹೆಚ್ಚೆನಿಸಿ, ಎತ್ತಿದ ಅಣ್ಣನನ್ನು ಇಳಿಸಿ ತಪಸ್ಸಿಗೆ ನಡೆದನು. ಚಾವುಂಡರಾಯನೆಂಬ ಸೇನಾನಿ ಹಿರಿದಾಗಿ ಕಡೆಯಿಸಲು ಆರಿಸಿಕೊಂಡುದು ಆಯುಧವನ್ನಲ್ಲ, ಆಯುಧವನ್ನು ಬಿಟ್ಟ ಕೈಗಳನ್ನು. ಯಾವುದನ್ನು ಕಿರಿದು ಮಾಡಬೇಕು, ಯಾವುದನ್ನು ಹಿರಿದು ಮಾಡಬೇಕು ಎಂಬ ಈ ವಿವೇಕವನ್ನು ಮನೆಯ ಹಿರಿಯರು ಮಗುವಿಗೆ ತಿಳಿಸಿಕೊಟ್ಟರೆ, ಅದರ ಕೈಯ ಚಿಮುಟ ಏನನ್ನು ಹಿಡಿದರೂ ಅಪಾಯವಿಲ್ಲ.